ಹುಳು ಹಣ್ಣಾದ ದಿನ

ಶಿಡ್ಲಘಟ್ಟದ ಸುತ್ತಿನ ಊರುಗಳಲ್ಲಿ ಹುಳು ಹಣ್ಣಾದ ದಿನ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳುವನ್ನು ಅಂದೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ತಿಂಗಳ ದುಡಿಮೆ ಹೋದಂತೆ. ಅಂಥದೊಂದು ದಿನ, ಬೆಳಿಗ್ಗೆ ಒಂಬತ್ತಕ್ಕೆ, ಮುನಿಲಕ್ಷ್ಮಿಯ ಬಲಗೈಯಿಂದ ಹುಳುವಿನ ತಟ್ಟೆ ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಾಗಲಿಲ್ಲ.

"ಮೂರು ದಿನದಿಂದ ನಿದ್ದೆ ಇಲ್ವಲ್ಲ, ಸೋತಿದ್ದೀಯ. ಕಾಫಿ ಕುಡಿ," ಎಂದು ಗಂಡ ನರಸಿಂಹಪ್ಪ ಲೋಟ ತಂದ.

ಹುಳು ಆರಿಸಲು ಬಂದಿದ್ದ ಪಕ್ಕದ ಮನೆಯ ಶ್ಯಾಮಲಮ್ಮ ಲೋಟ ಕಸಿದುಕೊಂಡರು. "ಬಾಯಿಗೇನೂ ಹಾಕ್ಬೇಡ ಕಣಪ್ಪ, ಗಂಟ್ಲಿಗೆ ಸಿಕ್ಕೊಂಡೀತು. ಮುನಿಲಕ್ಷ್ಮಿ, ಎಲ್ಲಿ, ಸ್ವಲ್ಪ ನಗು ನೋಡಣ."

ನಕ್ಕರೆ ಬಾಯಿ ಒಂದೇ ಕಡೆ ಎಳೆಯಿತು. ಎರಡೂ ಕೈ ಎತ್ತಲು ಹೇಳಿದರೆ ಬಲಗೈ ಇಳಿಯಿತು. ಹೆಸರು ಕೇಳಿದರೆ ನಾಲಿಗೆ ತೊದಲಿತು.

"ಲಕ್ವ ಇದು. 108ಕ್ಕೆ ಫೋನ್ ಮಾಡು."

"ವಾಯು ಇರ್ಬೇಕು ಕಣಕ್ಕ. ಸಾಯಂಕಾಲ ನಾಟಿ ಔಷಧಿ ಹಾಕಿಸ್ತೀನಿ. ಈಗ ಹೋದ್ರೆ ಈ ಹುಳಾನ ಡಾಕ್ಟ್ರು ಬಂದು ಆರಿಸ್ತಾರಾ?"

"ನಮ್ಮೆಜಮಾನ್ರಿಗೂ ಹಿಂಗೇ ಆಯ್ತು, ಹಣ್ಣುಹುಳದ ದಿನಾನೇ. ಬೆಳಿಗ್ಗೆ ಎಂಟಕ್ಕೆ. ಹುಳ ಬಿಟ್ಟು ಮುಗಿಸಿ ಹೋಗಣ ಅಂದಿದ್ದು ನಾನು. ಆಸ್ಪತ್ರೆ ಸೇರ್ದಾಗ ಸಾಯಂಕಾಲ ನಾಲ್ಕಾಗಿತ್ತು. ಡಾಕ್ಟ್ರು ಬೈಲಿಲ್ಲ. ಯಾವಾಗ ಶುರುವಾಯ್ತಮ್ಮ ಅಂತ ಕೇಳಿ ಗಡಿಯಾರ ನೋಡಿದ್ರು. ಹೆಪ್ಪು ಕರಗ್ಸೋ ಇಂಜೆಕ್ಷನ್ ಕೊಡೋ ಹೊತ್ತು ಮೀರಿತ್ತು." ಶ್ಯಾಮಲಮ್ಮ ಉಸಿರೆಳೆದುಕೊಂಡರು. "ಗೂಡು ಚೆನ್ನಾಗೇ ಬಂತು. ಆರು ವರ್ಷದಿಂದ ಅವ್ರಿಗೆ ಮಾತಿಲ್ಲ, ಗೋಡೆ ತಟ್ಟಿ ನನ್ನ ಕರೀತಾರೆ."

ನರಸಿಂಹಪ್ಪ ಹೆಂಡತಿಯ ಬಾಯಂಚಿನಲ್ಲಿ ಇಳಿಯುತ್ತಿದ್ದ ಜೊಲ್ಲನ್ನು ನೋಡಿದ. ಫೋನ್ ತೆಗೆದ. ಆಂಬುಲೆನ್ಸ್ ಬಂದು ನಿಂತಾಗ ಅವನು ತಟ್ಟೆಗಳ ಕಡೆ ತಿರುಗಿದ.

"ಹುಳ?"

"ಕೈಲಾದಷ್ಟು ನಾನು ಆರಿಸ್ತೀನಿ. ಹೋದದ್ದು ಹೋಗ್ಲಿ, ನೀನು ಹತ್ತು."

ಆಸ್ಪತ್ರೆಯಲ್ಲಿ ಹನ್ನೊಂದರೊಳಗೆ ಸ್ಕ್ಯಾನ್ ಆಯಿತು, ಚುಚ್ಚುಮದ್ದೂ ಸಿಕ್ಕಿತು. ಅರ್ಧ ಬೆಳೆ ಕೆಟ್ಟಿತು. ಮುನಿಲಕ್ಷ್ಮಿ ಈಗ ತನ್ನ ತಲೆಯನ್ನು ತಾನೇ ಬಾಚಿಕೊಳ್ಳುತ್ತಾಳೆ, ಮಾತಾಡುತ್ತಾಳೆ. ಬೆರಳುಗಳಲ್ಲಿ ಇನ್ನೂ ಸ್ವಲ್ಪ ಜೋಮು ಇದೆ.

"ಪುಣ್ಯ ಕಟ್ಕೊಂಡೆ ಕಣಕ್ಕ. ನಿನಗೂ ಆವತ್ತು ಯಾರಾದ್ರೂ ಹಿಂಗೆ ಹೇಳಿದ್ದಿದ್ರೆ...," ಎಂದ ನರಸಿಂಹಪ್ಪ.

"ಹೇಳಿದ್ರಪ್ಪ. ನಮ್ಮ ನಾದಿನಿ ಹೇಳಿದ್ಳು. ನಾನು ಕೇಳ್ಲಿಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣಂದಿರೇ, ಬಾಯಿ ಸೊಟ್ಟಗಾದರೆ, ಎತ್ತಿದ ಕೈ ಇಳಿದರೆ, ಮಾತು ತೊದಲಿದರೆ ಮೊದಲು ಗಡಿಯಾರ ನೋಡಿ, ಆ ಕ್ಷಣವೇ 108ಕ್ಕೆ ಕರೆ ಮಾಡಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಆ ಹೊತ್ತು ಮೀರಿದ್ದರೂ ಆಸ್ಪತ್ರೆಗೆ ಹೋಗಿ. ಕೈಯಲ್ಲಿರುವ ಕೆಲಸ ಏನೇ ಇರಲಿ, ಅರ್ಧಕ್ಕೇ ಬಿಟ್ಟು ಹೊರಡಿ.