ಇಮೊಂಡೊ ಪರೀಕ್ಷೆ

ಬುಟೆರೆ ಸಂತೆಯ ಹೆಂಗಸರ ವಾಟ್ಸಾಪ್ ಗುಂಪಿಗೆ ಯಾರಾದರೂ ಸಹಾಯ ಕೇಳಿ ಬರೆದರೆ ಒಬ್ಬರೂ ತಕ್ಷಣ ದುಡ್ಡು ಕಳಿಸುತ್ತಿರಲಿಲ್ಲ. ಟೈಲರ್ ನಾಂಜಾಲ ಏನನ್ನುತ್ತಾಳೋ ಎಂದು ಕಾಯುತ್ತಿದ್ದರು. ಎರಡು ವರ್ಷದ ಹಿಂದೆ ಯಾರದೋ ಶವಸಂಸ್ಕಾರಕ್ಕೆಂದು ಎಲ್ಲರಿಂದ ದುಡ್ಡು ಎತ್ತಿ ಕಳಿಸಿದವಳು ಇವಳೇ. ಮೂರನೇ ದಿನ ಆ ಸತ್ತವನು ಸಂತೆಯಲ್ಲಿ ಒಣಮೀನಿಗೆ ಚೌಕಾಶಿ ಮಾಡುತ್ತಾ ನಿಂತಿದ್ದ. ಅಂದಿನಿಂದ ಅವಳ ಕಣ್ಣಿಗೆ ಲೋಕವೆಲ್ಲ ಕಳ್ಳರೇ.

ಸೋಮವಾರ ಬಂದದ್ದು ಫಿಲಿಸ್ ಎಂಬವಳ ಮನವಿ. ಅವಳ ಮಾವ ಮಕೋಖಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ದುಡ್ಡು ಬೇಕು, ವೈದ್ಯರ ತಂಡ ಗುರುವಾರ ಊರಿಗೆ ಬರುತ್ತದೆ, ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಜೊತೆಗೊಂದು ಫೋಟೊ. ಅದರಲ್ಲಿ ಅಜ್ಜ ಸೂಟು ತೊಟ್ಟು, ಟೈ ಕಟ್ಟಿ, ಬಾಯಿತುಂಬ ನಗುತ್ತಿದ್ದ.

ನಾಂಜಾಲ ಫೋನನ್ನು ಬಾಯಿಗೆ ಹಿಡಿದು ಗುಂಪಿಗೆಲ್ಲ ಕೇಳುವಂತೆ ಹೇಳಿದಳು: "ಕಣ್ಣು ಕಾಣದೋನು ಟೈ ಕಟ್ಕೊಂಡು ಹಲ್ಲು ಕಿರೀತಾನಾ? ಇದು ಸುಳ್ಳು ಕಣ್ರೇ. ಯಾರೂ ಒಂದು ಶಿಲಿಂಗ್ ಕಳಿಸ್ಬೇಡಿ."

ಯಾರೂ ಕಳಿಸಲಿಲ್ಲ. ಸಂಜೆ ಫಿಲಿಸ್ ಅವಳಿಗೊಬ್ಬಳಿಗೇ ಬರೆದಳು: "ಅಕ್ಕಾ, ನಾಳೆ ಮನೆಗೆ ಬಂದು ನೋಡ್ಕೊಂಡು ಹೋಗಿ."

ಮೋಸಗಾರರು ಮನೆಗೆ ಕರೆಯುವುದಿಲ್ಲವಲ್ಲ! ನಾಂಜಾಲಳಿಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೂ ಬಿಗುಮಾನ ಬಿಡದೆ, ಮೋಟಾರ್‌ಬೈಕ್ ಹಿಂದೆ ಕೂತು ಮಂಗಳವಾರ ಮಧ್ಯಾಹ್ನ ಹೋದಳು.

ಮನೆಗೆ ಬಂದವರಿಗೆ ಕೋಳಿ ಕುಯ್ಯದೆ ಕಳಿಸುವ ಮನೆ ಆ ಕಡೆ ಇಲ್ಲ. ಅಂಗಳದಲ್ಲಿ ಗರಿ ಬಿದ್ದಿದ್ದವು. ಅಜ್ಜ ಬಾಗಿಲಿಗೆ ಬಂದು ಕೈ ಕುಲುಕಿದ, ಎಲ್ಲೂ ಎಡವದೆ ಕುರ್ಚಿಗೆ ನಡೆದ, ಚಹಾವನ್ನು ಒಂದು ಹನಿಯೂ ಚೆಲ್ಲದೆ ಬಗ್ಗಿಸಿದ. 'ನನಗಿಂತ ಚೆನ್ನಾಗಿ ಕಾಣುತ್ತೆ ಇವನಿಗೆ' ಅಂದುಕೊಂಡಳು ನಾಂಜಾಲ.

ಫಿಲಿಸ್ ಮೆಕ್ಕೆಜೋಳದ ಮುದ್ದೆ ಉಗಾಲಿ, ಕೋಳಿ ಬಡಿಸಿದಳು. ಅಜ್ಜನ ತಟ್ಟೆಯ ಮೇಲೆ ಇಮೊಂಡೊ ಕುಳಿತಿತ್ತು. ಕೋಳಿ ತಿಂದ ಕಾಳನ್ನೆಲ್ಲ ಅರೆಯುವ ಆ ಗಟ್ಟಿ ಮಾಂಸದ ತುಂಡು ಮನೆಯ ಯಜಮಾನನದು. ಅದು ಸಿಗದೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು, ಗಂಡಂದಿರು ಊಟ ಬಿಟ್ಟು ಎದ್ದದ್ದುಂಟು. ಹೆಂಗಸರಂತೂ ಅದನ್ನು ಬೇಯಿಸುವುದಷ್ಟೇ, ತಿನ್ನುವ ಹಾಗಿಲ್ಲ.

ಫಿಲಿಸ್ ನೀರಿಗೆ ಹೋದದ್ದೇ ತಡ, ನಾಂಜಾಲ ಕೈ ಚಾಚಿ ಇಮೊಂಡೊವನ್ನು ತನ್ನ ತಟ್ಟೆಗೆ ಎತ್ತಿಕೊಂಡು, ಅದರ ಜಾಗದಲ್ಲಿ ಕೋಳಿಯ ಕತ್ತನ್ನು ಇಟ್ಟಳು. ಅಜ್ಜನ ಮೂಗಿನ ಕೆಳಗೇ! ಕಣ್ಣಿದ್ದ ಯಾವ ಗಂಡಸೂ ಇದನ್ನು ಸಹಿಸುವವನಲ್ಲ.

ಅಜ್ಜ ನಗುತ್ತಲೇ ಇದ್ದ. ಪ್ರಾರ್ಥನೆ ಹೇಳಿದ. ಬೆರಳಿಂದ ತಟ್ಟೆಯನ್ನು ತಡವಿದ, ಕತ್ತು ಸಿಕ್ಕಿತು. ಮತ್ತೆ ತಡವಿದ. ಉಗಾಲಿಯ ಅಡಿಯಲ್ಲೂ ಹುಡುಕಿದ.

"ಫಿಲಿಸ್," ಅಂದ ಮೆಲ್ಲಗೆ, "ಈ ಕೋಳಿಗೆ ಹೊಟ್ಟೇನೇ ಇರ್ಲಿಲ್ವೇನವ್ವಾ?"

ನೀರು ತಂದ ಫಿಲಿಸ್ ಬಾಗಿಲಲ್ಲೇ ನಿಂತಳು. ಇಮೊಂಡೊ ಒಬ್ಬ ಹೆಂಗಸಿನ ತಟ್ಟೆಯಲ್ಲಿ! ನಾಂಜಾಲಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆ ಮೌನದಲ್ಲೇ ಅಜ್ಜನಿಗೆ ಎಲ್ಲ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ. "ಪರೀಕ್ಷೆನಾ? ಪಾಸಾದ್ನಾ ಇಲ್ವಾ, ಅದ್ನ ಹೇಳು. ಮೊದ್ಲು ನನ್ನ ತುಂಡು ಕೊಡು."

"ತಪ್ಪಾಯ್ತು ಅಜ್ಜಾ," ಎಂದು ತುಂಡನ್ನು ಅವನ ಕೈಗಿಟ್ಟಳು. "ಆದ್ರೆ ಚಹಾ ಬಗ್ಗಿಸಿದ್ದು? ಆ ಸೂಟು? ಆ ನಗು?"

"ನನ್ನ ಮನೆ ಕೈಕಾಲಿಗೇ ಗೊತ್ತು, ಅದಕ್ಕೆ ಕಣ್ಯಾಕೆ? ಅಲ್ಲವ್ವಾ, ಕೇಳೋಕೆ ಹೋಗೋನು ಕೊಳಕಂಗಿ ಹಾಕ್ಕೊಂಡೇ ಹೋಗ್ಬೇಕಾ? ನಾಲ್ಕು ಜನ ನೋಡೋ ಫೋಟೊ. ಟೈ ಕಟ್ಟಿದ್ದು ಇವ್ಳು. ಕಟ್ಟೋವಾಗ ಕಚಗುಳಿ ಆಯ್ತು, ನಕ್ಕೆ."

ನಾಂಜಾಲ ಅಂಗಳಕ್ಕೆ ಬಂದು ಫೋನು ತೆಗೆದಳು. ಹಿಂದೆ ಹೇಳಿದ್ದನ್ನು ಅಳಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. "ಕೇಳ್ರೇ, ನಾನು ನಿನ್ನೆ ಹೇಳಿದ್ದೇ ಸುಳ್ಳು. ಅಜ್ಜಂಗೆ ನಿಜವಾಗ್ಲೂ ಕಾಣಲ್ಲ. ಅವ್ರ ಇಮೊಂಡೊ ನಾನು ಕದ್ದೆ, ಗೊತ್ತೇ ಆಗ್ಲಿಲ್ಲ ಅವ್ರಿಗೆ. ಮೊದಲ್ನೇ ದುಡ್ಡು ನಂದು. ಗುರುವಾರ ಬಂದೇ ಬಿಡ್ತು, ಬೇಗ ಕಳಿಸಿ."

ಗುಂಪಿನಲ್ಲಿ ನಗೆಯೋ ನಗೆ. 'ಇಮೊಂಡೊ ಕಳ್ಳಿ' ಎಂಬ ಹೆಸರು ಅವಳಿಗೆ ಖಾಯಂ ಆಯಿತು. ಬುಧವಾರದ ಹೊತ್ತಿಗೆ ಬೇಕಾದಷ್ಟು ಹಣವೂ ಬಂತು.

ಆಪರೇಷನ್ ಆಗಿ ಮೂರು ವಾರ ಕಳೆದು ಅಜ್ಜ ಅವಳನ್ನು ಊಟಕ್ಕೆ ಕರೆಸಿದ. ಸೂಟು ತೊಟ್ಟು ಬಾಗಿಲಲ್ಲೇ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟೇನಾ ನೀನು? ದನಿ ಕೇಳಿ ಬಾಗಿಲಿಗೆ ತಲೆ ತಗಲೋಷ್ಟು ಎತ್ತರ ಅಂದ್ಕೊಂಡಿದ್ದೆ!"

ಬಡಿಸಿದಾಗ ಇಮೊಂಡೊವನ್ನು ಎತ್ತಿ ಬೆಳಕಿಗೆ ಹಿಡಿದು ಚೆನ್ನಾಗಿ ನೋಡಿದ. ಆಮೇಲೆ ಚಾಕುವಿನಿಂದ ಎರಡು ಮಾಡಿ, ಒಂದನ್ನು ನಾಂಜಾಲಳ ತಟ್ಟೆಗೆ ಹಾಕಿದ. ಫಿಲಿಸ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಜ್ಜಾ, ಹೆಂಗಸ್ರಿಗೆ ಇದನ್ನ ಕೊಡಬಾರ್ದಲ್ವಾ?" ಎಂದಳು ನಾಂಜಾಲ.

"ನಮ್ಮಪ್ಪ ಹಾಗೇ ಹೇಳೋರು. ಅವ್ರಿಗೂ ಕಣ್ಣು ಮಂದ ಇತ್ತು ಬಿಡವ್ವಾ, ತಿನ್ನು."

ನಾಂಜಾಲಳಿಗೆ ಅಳುವೂ ಬಂತು, ನಗುವೂ ಬಂತು. ತುಂಡು ಬಾಯಿಗಿಟ್ಟು ಜಗಿದಳು. ಇಷ್ಟಕ್ಕಾ ಗಂಡಸರು ಅಷ್ಟೆಲ್ಲ ಜಗಳವಾಡುವುದು ಅಂದುಕೊಂಡಳು. ಆದರೂ ತಟ್ಟೆಯಲ್ಲಿ ಚೂರೂ ಬಿಡಲಿಲ್ಲ.