ತೋರಣದಲ್ಲಿ ಕೂತ ಪತಂಗ

ಯುಗಾದಿಯ ಹಿಂದಿನ ದಿನ ನವ್ಯಾ ಎದ್ದು ನೋಡಿದಾಗ ಡಬ್ಬಿಗೆ ಕಟ್ಟಿದ್ದ ಸೊಳ್ಳೆಪರದೆ ಜಾರಿತ್ತು. ಒಳಗಿದ್ದುದು ಒಡೆದ ಗೂಡು ಮಾತ್ರ. ಪತಂಗ ರಾತ್ರಿಯೇ ಹೊರಬಂದು ಹಾರಿಹೋಗಿತ್ತು.

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಮಾಡುತ್ತಿದ್ದ ಸಂಶೋಧನೆಗಾಗಿ ಅವಳು ಅಮೃತಬಳ್ಳಿಯ ಮೇಲೆ ಪತಂಗದ ಹುಳುಗಳನ್ನು ಸಾಕಿದ್ದಳು. ಉಳಿದವನ್ನೆಲ್ಲ ಅವುಗಳ ಮೈಯಲ್ಲೇ ಮೊಟ್ಟೆಯೊಡೆದ ನೊಣದ ಮರಿಗಳು ತಿಂದು ಮುಗಿಸಿದ್ದವು. ಬದುಕಿದ್ದು ಇದೊಂದೇ. ಇದರ ಮುಂದಿನ ರೆಕ್ಕೆ ಥೇಟ್ ಒಣಗಿದ ಎಲೆ: ನಡುವೆ ನರ, ಅಲ್ಲಲ್ಲಿ ಕೊಳೆತಂಥ ಕಲೆ. ಹಗಲೆಲ್ಲ ಒಣ ಎಲೆಗಳ ನಡುವೆ ಹಾಗೇ ಕೂತು, ರಾತ್ರಿ ಹಣ್ಣಿನ ಸಿಪ್ಪೆ ಚುಚ್ಚಿ ರಸ ಹೀರುತ್ತದೆ. ಯಾವ ಜಾತಿಯದೆಂದು ಹೇಳುವುದು ಅಡಿಯಲ್ಲಿ ಅಡಗಿರುವ ಕಿತ್ತಳೆ ರೆಕ್ಕೆಯ ಕಪ್ಪು ಗುರುತು. ಅದನ್ನು ನೋಡದೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲವೆಂದು ಗೈಡ್ ವಾದಿರಾಜ ಸರ್ ಹೇಳಿಬಿಟ್ಟಿದ್ದರು.

ಮನೆಯಲ್ಲಿ ಸಿಗಲಿಲ್ಲ. ಭದ್ರಾವತಿಯಲ್ಲಿ ಅವಳ ಮನೆಯಿದ್ದ ಕ್ವಾರ್ಟರ್ಸ್ ಬೀದಿಯಲ್ಲಿ ಗೋಡೆಗಳಿಗೆ ಸುಣ್ಣ ಬಿದ್ದು ಅಂಗಳಗಳೆಲ್ಲ ಗುಡಿಸಿಯಾಗಿತ್ತು. ಒಣ ಎಲೆ ಉಳಿದಿದ್ದರೆ ಬಾಗಿಲುಗಳ ಮೇಲೆ, ದೀಪಾವಳಿಗೆ ಕಟ್ಟಿದ್ದ ಮಾವಿನ ತೋರಣಗಳಲ್ಲಿ. ಅವೂ ಈಗ ಇಳಿಯುತ್ತಿದ್ದವು.

ಕತ್ತೆತ್ತಿಕೊಂಡು ಮನೆಯಿಂದ ಮನೆಗೆ ನಡೆದಳು. ಏನು ಕಳೆದಿದೆ ಎಂದು ಕೇಳಿದ ಪಕ್ಕದ ಮನೆಯ ಪುಷ್ಪಮ್ಮನಿಗೆ ಪತಂಗ ಎಂದಳು. ಪುಷ್ಪಮ್ಮ ಒಳಗೆ ಹೋಗಿ ಎರಡು ನುಸಿಗುಳಿಗೆ ತಂದುಕೊಟ್ಟು, ಬಟ್ಟೆಗಳ ನಡುವೆ ಇಡಲು ಹೇಳಿದರು. ಮುಂದಿನ ಮನೆಯ ತೋರಣ ಆಗಲೇ ಚರಂಡಿಯಲ್ಲಿತ್ತು. ಕಡ್ಡಿಯಿಂದ ಒಂದೊಂದೇ ಎಲೆ ಮಗುಚಿದಳು. ಎಲ್ಲವೂ ಎಲೆಗಳೇ.

ಬೀದಿಯ ಕೊನೆಯ ಮನೆಯಲ್ಲಿ ತೋರಣ ಕೀಳಲು ಈಶ್ವರಮ್ಮ ಸ್ಟೂಲ್ ಹತ್ತಿದ್ದರು. ಒಂದು ನಿಮಿಷ ಕೀಳಬೇಡಿ, ನೋಡಿಬಿಡುತ್ತೇನೆ ಎಂದು ನವ್ಯಾ ಬೇಡಿಕೊಂಡಳು.

"ಹಬ್ಬಕ್ಕೆ ಒಣಗಿದ ತೋರಣ ನೇತಾಕೊಂಡು ಕೂತ್ಕೊಳ್ಳಾ? ಎಲೆ ಬೇಕಾದ್ರೆ ಪೂರ್ತಿ ತಗೊಂಡ್ಹೋಗೇ ಮಾರಾಯ್ತಿ," ಎಂದವರೇ ದಾರ ಜಗ್ಗಿದರು.

ಬೀಳುತ್ತಿದ್ದ ಎಲೆಗಳಲ್ಲಿ ಒಂದು ಬೀಳಲಿಲ್ಲ. ಕಿತ್ತಳೆ ಬಣ್ಣ ತೆರೆದುಕೊಂಡು ನವ್ಯಾಳ ಮುಖದ ಮುಂದೆಯೇ ಹಾದು ಸೂರಿನಾಚೆ ಹೋಯಿತು. ಅವಳ ಕೈಯಲ್ಲಿದ್ದ ಮೊಬೈಲಿನ ಕ್ಯಾಮೆರಾ ನೆಲ ನೋಡುತ್ತಿತ್ತು.

"ಕಪ್ಪು ಗುರುತು ಹೇಗಿತ್ತು ಈಶ್ವರಮ್ಮ? ದುಂಡಗಿತ್ತಾ, ಬಾಗಿತ್ತಾ?"

"ಹೇಗಿತ್ತು ಅಂದ್ರೆ? ಕಪ್ಪಗಿತ್ತು." ಅವರು ಎದೆ ಮುಟ್ಟಿಕೊಂಡರು. "ಬೇಕಾದ್ರೆ ನಿಮ್ಮ ಮೇಷ್ಟ್ರಿಗೆ ನಾನೇ ಹೇಳ್ತೀನಿ, ಕಣ್ಣಾರೆ ನೋಡ್ದೆ ಅಂತ. ಫೋನ್ ಮಾಡು."

ನವ್ಯಾ ಮತ್ತೆ ಮೇಲೆ ನೋಡಿದಳು. ಸೂರಿನಾಚೆಯ ಆಕಾಶ ಬರಿದಾಗಿತ್ತು.

ಹೇಗೂ ಬಂದಿದ್ದೀಯಲ್ಲ, ಸ್ಟೂಲ್ ಅಲ್ಲಾಡುತ್ತಿದೆ, ಸ್ವಲ್ಪ ಹಿಡಿದುಕೋ ಎಂದು ಈಶ್ವರಮ್ಮ ಹೊಸ ತೋರಣ ಎತ್ತಿಕೊಂಡರು. ನವ್ಯಾ ಹಿಡಿದಳು. ಬಿಟ್ಟುಬಿಡಬೇಕೆನ್ನಿಸಿತು. ಬಿಡಲಿಲ್ಲ.