ಆಚಾರ್ಯನ ಹಸಿರು ಗುರುತು

“ಈ ಅಂಗಡೀಲಿ ಕಿವಿ ಇರೋದು ಗೋಡೆಗೆ ಮಾತ್ರಾನಾ?”

ಹೆಂಡತಿ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಅವಳ ಮುಂದೆ ಬಟ್ಟೆ ಒಗೆಯುವ ಯಂತ್ರವೊಂದು ಬಾಯಿ ತೆರೆದು ಕೂತಿತ್ತು, ಅದೂ ಉತ್ತರ ಕೊಡಲಿಲ್ಲ. ಒಳಕೋಣೆಯಲ್ಲಿದ್ದ ಮೆಕ್ಯಾನಿಕ್ ಗಂಡನಿಗೆ ಮಾತು ಕೇಳಿಸಿತು. ಕೇಳಿಸುವುದು ಬೇರೆ, ಕಿವಿಗೆ ಹಾಕಿಕೊಳ್ಳುವುದು ಬೇರೆ. “ಹ್ಞೂಂ, ಬಂದೆ” ಎಂದ. ಬೆರಳು ಫೋನಿನ ಮೇಲೆಯೇ ಇತ್ತು.

ಫೋನಿನಲ್ಲಿದ್ದದ್ದು ರಿಪೇರಿ ಬಳಗ. ಕೆಟ್ಟ ಯಂತ್ರದ ಗೋಳನ್ನು ಯಾರು ಬೇಕಾದರೂ ಅಲ್ಲಿ ತೋಡಿಕೊಳ್ಳಬಹುದು, ಬಲ್ಲವರು ದಾರಿ ಹೇಳಬಹುದು. ಕೇಳಿದವರು ಮೆಚ್ಚಿ ಹಸಿರು ಗುರುತು ಒತ್ತಿದರೆ ಹೇಳಿದವರಿಗೆ ಅಂಕ, ಅಂಕ ಬೆಳೆದರೆ ಪದವಿ. ‘ತಿರುಪು’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇವನು ಏರಿ ಏರಿ ಆಚಾರ್ಯನಾಗಿದ್ದ. ಹೆಸರಿನ ಪಕ್ಕ ಬಂಗಾರದ ಬಣ್ಣದ ಚಕ್ರ ಮೂಡಿದ ದಿನ ಎದ್ದುಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡಿದ್ದ. ಅಂಗಡಿಗೆ ಬಂದವರು “ಯಾಕಿಷ್ಟು ತಡ?” ಎನ್ನುತ್ತಾರೆ. ಬಳಗದವರು “ಗುರುಗಳೇ, ಬದುಕಿಸಿದಿರಿ” ಎನ್ನುತ್ತಾರೆ. ಯಾರಿಗೆ ಬೇಡ ಹೇಳಿ?

ಆದರೆ ಏರುವುದಕ್ಕೆ ಮೆಟ್ಟಿಲಿತ್ತು, ನಿಲ್ಲುವುದಕ್ಕೆ ನೆಲವಿರಲಿಲ್ಲ. ವಾರಕ್ಕೊಂದು ಹಸಿರು ಗುರುತು ಬೀಳದಿದ್ದರೆ ಪದವಿ ಜಾರುತ್ತದೆ. ಈ ವಾರ ಒಂದೂ ಬಿದ್ದಿರಲಿಲ್ಲ, ಸಂಜೆಗೆ ವಾರವೇ ಮುಗಿಯುತ್ತಿತ್ತು. ಉಣ್ಣುವಾಗ ಫೋನು, ಹಲ್ಲುಜ್ಜುವಾಗ ಫೋನು. ಬಿಟ್ಟುಬಿಡೋಣ ಎಂದು ಅವನಿಗೂ ಅನ್ನಿಸದೆ ಇರಲಿಲ್ಲ. ಬಿಟ್ಟರೆ ಇಷ್ಟು ದಿನ ಗಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಗುಳಿ ಹಾಕಿಕೊಂಡವನೂ ಅವನೇ, ಬಾಗಿಲು ಬಡಿಯುತ್ತಿದ್ದವನೂ ಅವನೇ.

“ರೀ, ಆಸ್ಪತ್ರೆ ಮೇಟ್ರನ್ ಸಂಜೆ ಬರ್ತಾರೆ. ರೆಡಿ ಇಲ್ಲಾಂದ್ರೆ ಮಷೀನ್ ಬೇರೆ ಅಂಗಡಿಗೆ ಕೊಡ್ತಾರಂತೆ. ನಮಗೆ ಉಳಿದಿರೋ ದೊಡ್ಡ ಗಿರಾಕಿ ಅವರೊಬ್ರೇ.”

“ಒಂದೇ ಒಂದು ಉತ್ತರ ಬರೆದು ಬಂದೆ ಕಣೇ.”

“ಆ ಒಂದೇ ಒಂದು ಹೋದ ತಿಂಗಳಿಂದ ನಡೀತಿದೆ.”

ಹೊರಗೆ ಅವಳು ಸ್ಟೂಲು ಎಳೆದುಕೊಂಡು ಕೂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಳಗದಲ್ಲಿ ಹೊಸ ಪ್ರಶ್ನೆಯೊಂದು ಬಂತು. ಬರೆದವರ ಹೆಸರು ‘ದಿಕ್ಕಿಲ್ಲದವಳು’. “ಡ್ರಮ್ ತಿರುಗಿಸಿದರೆ ಕಟಕಟ ಅನ್ನುತ್ತದೆ. ಯಜಮಾನರು ಊರವರಿಗೆಲ್ಲ ಸಹಾಯ ಮಾಡುತ್ತಾರೆ, ನನ್ನ ಮಾತು ಮಾತ್ರ ಕೇಳುವುದಿಲ್ಲ. ದಯವಿಟ್ಟು ದಾರಿ ತೋರಿಸಿ.”

ಬೇರೆ ಯಾರಾದರೂ ಬರೆಯುವ ಮೊದಲೇ ಇವನು ಬರೆದ: “ಅಮ್ಮಾ, ಗಾಬರಿ ಬೇಡ. ಡ್ರಮ್ಮಿನ ಅಂಚು ಹಿಡಿದು ಮೇಲಕ್ಕೆತ್ತಿ ನೋಡಿ. ಆಡುತ್ತದೆಯೇ?”

ಹೊರಗೆ ಕಟಕಟ, ಧಡ್ ಎಂದು ಸದ್ದಾಯಿತು.

“ಮೆಲ್ಲಗೆ ಕಣೇ! ಇಲ್ಲೊಬ್ಬ ಹೆಣ್ಮಗಳು ಪಾಪ ಕಷ್ಟದಲ್ಲಿದಾಳೆ.”

“ಅಯ್ಯೋ! ಮನೇಲಿ ಗಂಡ ಇಲ್ವಂತಾ?”

“ಇದಾನಂತೆ, ಇದ್ದೂ ಇಲ್ಲದ ಹಾಗೆ. ಊರಿಗೆ ಉಪಕಾರಿ, ಮನೆಗೆ ಮಾರಿ.”

“ನೀವೇ ಹೇಳಿದಿರಲ್ಲ, ಸರಿ ಬಿಡಿ.”

ಡ್ರಮ್ ಆಡುತ್ತಿಲ್ಲ ಎಂದು ಉತ್ತರ ಬಂತು. ಹಾಗಾದರೆ ಬೇರಿಂಗ್ ಸರಿಯಿದೆ, ಒಳಗೇನೋ ಸಿಕ್ಕಿಕೊಂಡಿದೆ ಎಂದ. ಪ್ಲಗ್ ಕಿತ್ತು ನೀರು ಬಸಿಯಿರಿ, ವೈರುಗಳು ಅದಲುಬದಲಾಗದಂತೆ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ, ಹೀಟರ್ ಹೊರಗೆಳೆದು ಆ ಕಿಂಡಿಯಲ್ಲಿ ಟಾರ್ಚ್ ಬಿಡಿ ಎಂದ. ಚಿತ್ರವನ್ನೂ ಬರೆದು ಕಳಿಸಿದ. “ಅವಸರ ಬೇಡಮ್ಮಾ, ನಾನಿದ್ದೇನೆ” ಎಂದು ಕೊನೆಗೆ ಸೇರಿಸಿದ.

ಆಮೇಲೆ ಕಾದ. ಫೋನಿನ ಪರದೆಯನ್ನು ಬೆರಳಿನಿಂದ ಕೆಳಕ್ಕೆ ಎಳೆದ, ಬಿಟ್ಟ, ಮತ್ತೆ ಎಳೆದ. ಗುರುತು ಬೀಳಲಿಲ್ಲ. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ, ನೆಲದಿಂದ ಕುರ್ಚಿಯ ಕಾಲಿಗೆ ಜಾರಿತು. ಎದ್ದುಹೋಗಿ ಮೇಟ್ರನ್ ಅವರ ಯಂತ್ರ ನೋಡಬೇಕು ಎಂದು ಮನಸ್ಸು ಅನ್ನುತ್ತಿತ್ತು. ಎದ್ದ ಆ ಗಳಿಗೆಯಲ್ಲೇ ಅವಳು ಮತ್ತೇನಾದರೂ ಕೇಳಿ, ಬೇರೆಯವನು ಉತ್ತರ ಹೇಳಿಬಿಟ್ಟರೆ? ಕಾಲು ಜೋಮು ಹಿಡಿದರೂ ಕುರ್ಚಿ ಬಿಡಲಿಲ್ಲ.

“ಅಬ್ಬಾ, ಸದ್ದೇ ಇಲ್ವಲ್ಲಮ್ಮಾ!” ಹೊರಗಿನಿಂದ ಮೇಟ್ರನ್ ದನಿ.

ಅವನು ಕುಂಟುತ್ತ ಬರುವಷ್ಟರಲ್ಲಿ ಯಂತ್ರ ವ್ಯಾನು ಹತ್ತಿತ್ತು. ಹೆಂಡತಿಯ ಕೈಯೆಲ್ಲ ಮಸಿ. ಮೇಜಿನ ಮೇಲೆ ಸೊಟ್ಟಗಾದ ಒಂದು ಚಮಚ.

“ಯಾರೇ ಬಿಚ್ಚಿದ್ದು?”

“ನಾನೇ. ಒಳಗೆ ಇದು ಸಿಕ್ಕಿಕೊಂಡಿತ್ತು.”

“ನಿಂಗ್ಯಾರು ಹೇಳ್ಕೊಟ್ರು?”

“ತಿರುಪು ಅಂತ ಒಬ್ರು ಆಚಾರ್ಯರು. ಏನು ತಾಳ್ಮೆ ಅಂತೀರಿ! ನಾನಿದ್ದೇನೆ ಅಂದ್ರು.” ಅವಳು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. “ಅಷ್ಟು ಒಳ್ಳೆ ಮಾತು ಕೇಳಿ ಎಷ್ಟು ಕಾಲ ಆಗಿತ್ತೋ.”

ಅವನು ಚಮಚವನ್ನು ನೋಡಿದ, ಅವಳ ಮಸಿಗೈಯನ್ನು ನೋಡಿದ. ತಪ್ಪಾಯ್ತು ಎಂಬ ಮಾತು ಗಂಟಲವರೆಗೆ ಬಂತು. ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಯಿತು.

“ಅಲ್ವೇ… ಉತ್ತರ ಸರಿಯಾಗಿತ್ತಲ್ಲ,” ಎಂದ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. “ಆ ಹಸಿರು ಗುರುತು ಒಂದು ಒತ್ತಿಬಿಡೇ. ನಿನ್ನ ದಮ್ಮಯ್ಯ. ಒಂದು ಬೆರಳಿನ ಕೆಲಸ.”

ಅವಳು ಚಮಚವನ್ನು ಅವನ ಅಂಗೈಯಲ್ಲಿಟ್ಟಳು.

“ಒತ್ತಲ್ಲ.”